ಕೆಟ್ಟ ರಿವ್ಯೂಗೆ ವಕೀಲರ ನೋಟಿಸು
ಕುದ್ರೋಳಿಯ ಓದುಗರೇ, ನಿಮ್ಮ ಕೈ ಸೇರಿರುವುದು ಬರೀ ನೋಟಿಸು, ಕೇಸಲ್ಲ. ಹೆದರಿ ಫ್ರಿಜ್ ರಿಪೇರಿ ಅಂಗಡಿಯ ಬಗ್ಗೆ ಬರೆದ ರಿವ್ಯೂ ಪೂರ್ತಿ ಅಳಿಸಬೇಡಿ. ವಕೀಲರ ಮೂಲಕ ಉತ್ತರ ಕೊಡಿ.

ಮಾನಹಾನಿ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ. ಅದರ ಹತ್ತು ವಿನಾಯಿತಿಗಳಲ್ಲಿ ನಿಮಗೆ ಬೇಕಾದದ್ದು ಒಂಬತ್ತನೆಯದು: ತನ್ನ ಅಥವಾ ಇತರರ ಹಿತ ಕಾಯಲು, ಇಲ್ಲವೇ ಸಾರ್ವಜನಿಕ ಒಳಿತಿಗಾಗಿ ಸದ್ಭಾವನೆಯಿಂದ ಆಡಿದ ಮಾತು ಮಾನಹಾನಿಯಲ್ಲ. ತಮಾಷೆಯೆಂದರೆ, ಕಾನೂನೇ ಕೊಡುವ ಉದಾಹರಣೆಯಲ್ಲಿ ಎಚ್ಚರಿಸುವವನು ಅಂಗಡಿಯವನು. ಇಂಥವನ ಪ್ರಾಮಾಣಿಕತೆ ಮೇಲೆ ನಂಬಿಕೆಯಿಲ್ಲ, ಅವನು ನಗದು ಕೊಡದ ಹೊರತು ಮಾಲು ಕೊಡಬೇಡ ಎನ್ನುತ್ತಾನೆ!

ಸದ್ಭಾವನೆಗೆ ತಕ್ಕ ಎಚ್ಚರವೂ ಬೇಕು. ಬಿಲ್ಲು, ವಾಟ್ಸಾಪ್ ಸಂದೇಶ ಜೋಪಾನ ಮಾಡಿ. ರಿವ್ಯೂನಲ್ಲಿ ‘ಎರಡು ಸಲ ರಿಪೇರಿಯಾದರೂ ತಂಪಾಗಲಿಲ್ಲ’ ಎಂಬುದು ಇರಲಿ. ‘ಕಳ್ಳರು’ ಎಂಬುದನ್ನು ಇವತ್ತೇ ತೆಗೆಯಿರಿ, ಸಾಬೀತುಪಡಿಸುವುದು ಕಷ್ಟ. ದುಡ್ಡು ವಾಪಸು ಬೇಕಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ.