ಮೋಟಾರು ಗಾಡಿಯ ಬೆನ್ನೆಲುಬು

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ (1902–1940) ಮೈಸೂರು ಅರಮನೆಗೆ ರೋಲ್ಸ್-ರಾಯ್ಸ್ ಮುಂತಾದ ಬೆಲೆಬಾಳುವ ಮೋಟಾರು ಗಾಡಿಗಳು ಬಂದವು. ಅಂಥದೊಂದು ಗಾಡಿಯು ಹೆಗ್ಗಡದೇವನಕೋಟೆ ಸೀಮೆಯಲ್ಲಿ ಎನ್. ಬೇಗೂರಿನ ಕಡೆಯ ಕಾಡುದಾರಿ ಹಿಡಿದಿದೆಯೆಂದು ಭಾವಿಸೋಣ. ಮುಂದಿನ ಎಡಚಕ್ರ ಒಂದು ಗುಣಿಗೂ ಹಿಂದಿನ ಬಲಚಕ್ರ ಇನ್ನೊಂದಕ್ಕೂ ಏಕಕಾಲದಲ್ಲಿ ಇಳಿದರೆ ಏನಾಗುತ್ತದೆ? ಒದ್ದೆ ಬಟ್ಟೆಯನ್ನು ಹಿಂಡುವ ಕೈಗಳಂತೆ, ಚಕ್ರಗಳು ಗಾಡಿಯ ಚಾಸಿಯನ್ನು ತಿರುಚುತ್ತವೆ. ಬಾಗಿಲು ಬಿಗಿದುಕೊಳ್ಳುತ್ತದೆ, ಕೀಲುಗಳು ಕಿರುಗುಟ್ಟುತ್ತವೆ, ಗಾಜು ಬಿರಿಯಲೂಬಹುದು.

ಅಂದಿನ ಚಾಸಿ ಏಣಿಯಾಕಾರದ್ದು. ಅದರ ಎರಡು ಉದ್ದ ತೊಲೆಗಳು ಉಕ್ಕಿನ ತಗಡಿನವು. ಮೂರು ಬದಿ ಮುಚ್ಚಿ ಒಂದು ಬದಿ ತೆರೆದಂಥವು. ಇವು ಬಾಗುವಿಕೆಯನ್ನು ಚೆನ್ನಾಗಿ ತಡೆಯುತ್ತವೆ. ತಿರುಚುವಿಕೆಗೆ ಮಾತ್ರ ಸುಲಭವಾಗಿ ಮಣಿಯುತ್ತವೆ.

ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ, ಅಂಚುಗಳನ್ನು ಅಂಟಿಸದೆ ತಿರುಚಿ ನೋಡಿರಿ, ಶ್ರಮವಿಲ್ಲದೆ ತಿರುಚುತ್ತದೆ. ಅಂಚುಗಳನ್ನು ಅಂಟಿಸಿದರೆ ಅದೇ ಕೊಳವೆ ಪ್ರತಿಭಟಿಸುತ್ತದೆ. ಮುಚ್ಚಿದ ಕೊಳವೆಯಲ್ಲಿ ಬಲವು ಸುತ್ತಲೂ ಹರಿದು, ಕೊಳವೆಯ ಅಗಲವೇ ಅದಕ್ಕೆ ಸನ್ನೆಯಾಗುತ್ತದೆ. ತೆರೆದದ್ದರಲ್ಲಿ ಬಲವು ತಗಡಿನ ಒಂದು ಮೈಯಲ್ಲಿ ಹೋಗಿ ಮತ್ತೊಂದು ಮೈಯಲ್ಲಿ ಮರಳಬೇಕು. ಅಲ್ಲಿ ತಗಡಿನ ದಪ್ಪವಷ್ಟೇ ಸನ್ನೆ.

ಲೆಕ್ಕ ಹಾಕೋಣ. ತೊಲೆಯ ಎತ್ತರ 150, ಅಂಚುಪಟ್ಟಿಗಳ ಅಗಲ 50, ತಗಡಿನ ದಪ್ಪ 4 ಮಿಲಿಮೀಟರು ಇರಲಿ. ತೆರೆದ ಬದಿಗೆ ಅಷ್ಟೇ ದಪ್ಪದ ತಗಡನ್ನು ಬೆಸೆದು ಪೆಟ್ಟಿಗೆಯಾಗಿಸಿದರೆ ತೂಕ ಶೇಕಡಾ 60ರಷ್ಟು ಹೆಚ್ಚುತ್ತದೆ. ಆ ತೊಲೆಯ ತಿರುಚುಬಿಗಿತವಾದರೋ ಸುಮಾರು 420 ಮಡಿಯಾಗುತ್ತದೆ! ಇಡೀ ಚಾಸಿಗೆ ಇಷ್ಟು ಲಾಭ ದೊರೆಯದು. ಅಡ್ಡತೊಲೆಗಳೂ ಕೀಲುಗಳೂ ಅಷ್ಟೇ ದೃಢವಾಗಿರಬೇಕು.

1920ರ ದಶಕದಲ್ಲಿ ವೇಮನ್ ಎಂಬಾತನು ಚಾಸಿಯ ಗೋಜಿಗೇ ಹೋಗಲಿಲ್ಲ. ಮರದ ತುಂಡುಗಳು ಒಂದನ್ನೊಂದು ಮುಟ್ಟದಂತೆ ಲೋಹದ ಪಟ್ಟಿಗಳಿಂದ ಜೋಡಿಸಿ, ಮೇಲೆ ಬಟ್ಟೆ ಹೊದಿಸಿ, ಚಾಸಿಯೊಡನೆ ತಾನೂ ಬಳುಕುವ ಮೈಯನ್ನು ರೂಪಿಸಿದನು. ಆದರೆ ಮುಂದಿನ ಚಕ್ರಗಳು ಪ್ರತ್ಯೇಕವಾಗಿ ಏರಿಳಿಯುವ ಏರ್ಪಾಡು 1930ರ ದಶಕದಲ್ಲಿ ಹಬ್ಬಿದಾಗ ಬಳುಕುವ ಚಾಸಿ ಸಾಲದಾಯಿತು. ಅದು ತಿರುಚಿದರೆ ಚಕ್ರಗಳ ಓರೆಯೇ ಕೆಡುತ್ತದೆ.

ಮತ್ತೊಂದು ಉಪಾಯ ಗುಣಾಕಾರದ ತೊಲೆ. ಅಮೆರಿಕದ ಕಾರ್ಡ್ ಎಲ್-29 (1929) ಇದನ್ನು ಬಳಸಿತು. ಚಾಸಿ ತಿರುಚಬೇಕಾದರೆ ಈ ಕರ್ಣತೊಲೆಗಳು ಬಾಗಬೇಕು. ಬಾಗುವುದೋ ತೊಲೆಗೆ ಒಗ್ಗದ ಕೆಲಸ! ಇಟಲಿಯ ಲಾನ್ಸಿಯ ಲ್ಯಾಂಬ್ಡಾ (1922) ಇನ್ನೂ ಮುಂದೆ ಹೋಗಿ, ಮೈಯನ್ನೇ ಚಾಸಿಯಾಗಿಸಿತು. ಇಂದಿನ ಬಹುತೇಕ ಕಾರುಗಳು ನಡೆದಿರುವುದು ಈ ದಾರಿಯಲ್ಲೇ. ಬೆಂಕಿಪೆಟ್ಟಿಗೆಯ ಒಳತಟ್ಟೆಯನ್ನು ಮೊದಲು ಹೊರಗೆ, ಬಳಿಕ ಅದರ ಕವಚದೊಳಗಿಟ್ಟು ತಿರುಚಿರಿ: ಈ ದಾರಿಯ ಗುಟ್ಟು ಬೆರಳಿಗೇ ತಿಳಿಯುತ್ತದೆ.