ಕೋಚ್ ಹೋಗುತ್ತಾರಂತೆ ಎಂದರೆ ಕ್ಲಬ್ ಏಕೆ ಸುಮ್ಮನಿರುತ್ತದೆ?

ಪ್ರಶ್ನೆ: ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಬದಲಾಗುತ್ತಾರೆ ಎಂದು ಪತ್ರಿಕೆಗಳಲ್ಲಿ ವಾರಗಟ್ಟಲೆ ಸುದ್ದಿ ಬರುತ್ತದೆ. ಸುಳ್ಳಾಗಿದ್ದರೆ ಕ್ಲಬ್ ಒಂದೇ ಮಾತಿನಲ್ಲಿ ಅಲ್ಲಗಳೆಯಬಹುದಲ್ಲ? ಸುಮ್ಮನಿದ್ದರೆ ಸುದ್ದಿ ನಿಜವೆಂದೇ ತಿಳಿಯಬೇಕೆ?

ಉತ್ತರ: ಮೌನ ಸಮ್ಮತಿಯ ಲಕ್ಷಣ ಎನ್ನುತ್ತೇವೆ, ಆದರೆ ಇಲ್ಲಿ ಅದು ಸಲ್ಲದು. ಸುಳ್ಳು ಸುದ್ದಿ ಬಂದಾಗಲೆಲ್ಲ ಕ್ಲಬ್ ಅಲ್ಲಗಳೆಯುತ್ತ ಹೋಯಿತೆನ್ನಿ. ಮುಂದೊಂದು ದಿನ ನಿಜವಾದ ಸುದ್ದಿ ಬಂದಾಗ ಸುಮ್ಮನಾದರೆ ಗುಟ್ಟು ರಟ್ಟಾದಂತೆಯೇ. ಆದ್ದರಿಂದ ‘ವದಂತಿಗಳಿಗೆ ಪ್ರತಿಕ್ರಿಯೆ ಇಲ್ಲ’ ಎಂಬ ನಿಯಮವನ್ನು ನಿಜಕ್ಕೂ ಸುಳ್ಳಿಗೂ ಒಂದೇ ರೀತಿ ಅನ್ವಯಿಸುತ್ತಾರೆ. ಏನೂ ತೀರ್ಮಾನವಾಗದಿದ್ದಾಗ ಇದು ಸರಿಯಾದ ದಾರಿಯೇ.

ತೀರ್ಮಾನ ಆದ ಮೇಲೂ ಸುಮ್ಮನಿದ್ದರೆ ಮಾತ್ರ ತೊಂದರೆ. ಇದಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಯನ್ನೇ ನೋಡಿ. 2013ರ ಮೇ 11ರಂದು ಆ ತಂಡ ಎಫ್‌ಎ ಕಪ್ ಫೈನಲ್ ಆಡಬೇಕಿತ್ತು. ಮ್ಯಾನೇಜರ್ ರಾಬರ್ಟೊ ಮಾಂಚಿನಿ ಜಾಗಕ್ಕೆ ಮ್ಯಾನುವೆಲ್ ಪೆಲ್ಲೆಗ್ರಿನಿ ಬರುತ್ತಾರೆಂಬ ಸುದ್ದಿ ಆಗಲೇ ಎಲ್ಲೆಡೆ ಹರಡಿತ್ತು. ಕ್ಲಬ್ ಏನೂ ಹೇಳಲಿಲ್ಲ. ತಂಡ ವಿಗನ್ ಎದುರು 0–1ರಿಂದ ಸೋತಿತು. ಕ್ಲಬ್ ಈ ಸುದ್ದಿಗಳನ್ನು ತಡೆಯಲಿಲ್ಲವೆಂದು ಮಾಂಚಿನಿ ಬಹಿರಂಗವಾಗಿಯೇ ದೂರಿದರು. ಎರಡು ದಿನಕ್ಕೆ ಅವರ ಕೆಲಸ ಹೋಯಿತು. ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ದಿನ, ಅವರು ಕ್ಲಬ್ಬಿಗೆ ಲೀಗ್ ಪ್ರಶಸ್ತಿ ಗೆದ್ದುಕೊಟ್ಟಿದ್ದರು. ಜೂನ್‌ನಲ್ಲಿ ಪೆಲ್ಲೆಗ್ರಿನಿ ಬಂದರು.

ಮೂರು ವರ್ಷ ಕಳೆಯುವಷ್ಟರಲ್ಲಿ ಪೆಲ್ಲೆಗ್ರಿನಿಯವರ ಸರದಿ. ಈ ಸಲ ಪತ್ರಿಕೆಗಳು ಹೇಳುತ್ತಿದ್ದ ಹೆಸರು ಪೆಪ್ ಗಾರ್ಡಿಯೋಲಾ. 2016ರ ಫೆಬ್ರವರಿ 1ರಂದು, ಋತುವಿನ ನಡುವೆಯೇ, ಜೂನ್‌ನಲ್ಲಿ ಹೊರಡುವೆನೆಂದು ಪೆಲ್ಲೆಗ್ರಿನಿ ತಾವೇ ಪತ್ರಿಕಾಗೋಷ್ಠಿಯಲ್ಲಿ ತಿಳಿಸಿದರು. ಅದರ ಬೆನ್ನಿಗೇ ಕ್ಲಬ್ ಗಾರ್ಡಿಯೋಲಾ ಹೆಸರನ್ನು ಪ್ರಕಟಿಸಿತು. ಊಹಾಪೋಹದ ಹೊರೆ ಮ್ಯಾನೇಜರ್ ಮತ್ತು ಆಟಗಾರರ ಮೇಲೆ ಬೀಳಬಾರದೆಂಬ ಕಾರಣವನ್ನೂ ಕೊಟ್ಟಿತು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಕ್ರಮ: ವಿಷಯ ಸಂಬಂಧಪಟ್ಟವರಿಗೆ ಮೊದಲು ಗೊತ್ತಿತ್ತು, ಹೇಳುವ ಅವಕಾಶವೂ ಅವರಿಗೇ ಸಿಕ್ಕಿತು. ಮಾಂಚಿನಿಗೆ ಸಿಗದೆ ಹೋದ ಮರ್ಯಾದೆ ಇದು.

ಹೀಗೆ ಮುಂಚೆಯೇ ಹೇಳಿಬಿಟ್ಟರೆ ಆಟಗಾರರ ಗಮನ ಚದುರದೆ ಎಂದು ನೀವು ಕೇಳಬಹುದು. ಚದುರಲೂಬಹುದು. ಆ ಋತುವಿನಲ್ಲಿ ಸಿಟಿ ಲೀಗ್ ಕಪ್ ಗೆದ್ದಿತು, ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. ಪ್ರೀಮಿಯರ್ ಲೀಗ್‌ನಲ್ಲಿ ಮಾತ್ರ ನಾಲ್ಕನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು.