ಇಂಗ್ಲಿಷಿನಲ್ಲಿ ನಾನು ಮೂವರು

ಕನ್ನಡದಲ್ಲಿ ನಾನು ಒಬ್ಬಳೇ, ಗೀತಾ. ಇಂಗ್ಲಿಷಿಗೆ ದಾಟಿದ ಕೂಡಲೇ ಮೂವರಾಗಿದ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು 'ಇ', 'ಟಿ'ಯ ಬೆನ್ನಿಗೊಂದು 'ಎಚ್'. ಮದುವೆ ಪ್ರಮಾಣಪತ್ರದಲ್ಲಿ ಆ 'ಎಚ್' ಮಾಯ. ಜನನ ಪತ್ರ ಪೂರಾ ಕನ್ನಡ. ಅದನ್ನು ಅನುವಾದಿಸಿದವರು ನಾಲ್ಕೇ ಅಕ್ಷರದಲ್ಲಿ ನನ್ನನ್ನು ಮುಗಿಸಿದ್ದರು. ಇಟಲಿಯ ಟೊರಿನೊದಲ್ಲಿದ್ದ ಗಂಡನ ಬಳಿ ಹೋಗಲು ಕುಟುಂಬ ವೀಸಾಕ್ಕೆ ಕಾಗದ ಜೋಡಿಸಲು ಕೂತಾಗಲೇ ಇದು ಕಣ್ಣಿಗೆ ಬಿದ್ದದ್ದು. ಆ ನಾಲ್ಕಕ್ಷರವನ್ನು ಇಟಾಲಿಯನ್ನರು 'ಜೀತಾ' ಎಂದು ಓದುತ್ತಾರೆ, ಒಂದು ದಿನದ ಪ್ರವಾಸ ಎಂದರ್ಥ. ಗಂಡ ಫೋನಿನಲ್ಲಿ ನಕ್ಕ. ನನಗೆ ನಗು ಬರಲಿಲ್ಲ.

ಊರಿನ ಕಥೆಯೂ ಅದೇ. ಶಿವಮೊಗ್ಗ ನಮ್ಮ ಬಾಯಲ್ಲಿ ಯಾವತ್ತೂ ಶಿವಮೊಗ್ಗವೇ. ಸರಕಾರಿ ಇಂಗ್ಲಿಷಿನಲ್ಲಿ ಮಾತ್ರ 2014ರ ನವೆಂಬರ್ 1ರವರೆಗೆ ಅದು ಶಿಮೊಗ. ಪಾಸ್‌ಪೋರ್ಟ್ ಹಳೆಯದು, ಮದುವೆ ಪತ್ರ ಹೊಸದು. ಕೊನೆಗೆ ಛಾಪಾ ಕಾಗದದ ಮೇಲೆ, ಈ ಎಲ್ಲ ಹೆಂಗಸರೂ ನಾನೇ, ಈ ಎರಡೂ ಊರು ಒಂದೇ ಎಂದು ಅಫಿಡವಿಟ್ ಮಾಡಿಸಿದೆ. ಅನುವಾದಕರಿಗೆ ಮೊದಲೇ ಪಾಸ್‌ಪೋರ್ಟಿನ ಪ್ರತಿ ಕೊಟ್ಟು, "ಕಾಗುಣಿತ ಇದರಂತೆಯೇ ಇರಲಿ" ಎಂದಿದ್ದರೆ ಅರ್ಧ ತಲೆನೋವು ಇರುತ್ತಿರಲಿಲ್ಲ.

ನನ್ನ ದೊಡ್ಡ ದಡ್ಡತನ ಬೇರೆಯೇ. ಮದುವೆ ಪತ್ರ ಹಾಳಾಗಬಾರದೆಂದು ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿದ್ದೆ. ನಮ್ಮ ಕಾಗದ ಹೊರದೇಶದಲ್ಲಿ ಸಲ್ಲಲು ಬೇಕಾದ ಅಪೊಸ್ಟೀಲ್ ಎಂಬ ಚೀಟಿ ಅಂಟಬೇಕಾದದ್ದು ಮೂಲಪತ್ರದ ಬೆನ್ನಿಗೆ. ಪ್ಲಾಸ್ಟಿಕ್ಕಿಗೆ ಯಾರು ಸೀಲು ಒತ್ತುತ್ತಾರೆ? ಮತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದು ಹೊಸ ಪ್ರತಿ ತಂದೆ. ಮೊದಲು ರಾಜ್ಯದ ಗೃಹ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಚೀಟಿ. 1961ರ ಹೇಗ್ ಒಪ್ಪಂದದ ಈ ಚೀಟಿ ನಮ್ಮಲ್ಲಿ ಜಾರಿಗೆ ಬಂದದ್ದು 2005ರಲ್ಲಿ. ಸರಕಾರಿ ಶುಲ್ಕ 50 ರೂಪಾಯಿ, ಏಜೆಂಟರು ಕೇಳಿದ್ದು ಸಾವಿರಗಳಲ್ಲಿ. ಓಡಾಡುವ ತ್ರಾಣವಿಲ್ಲದೆ ಕೊಟ್ಟೆ, ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಟಾಲಿಯನ್ ಅನುವಾದವನ್ನು ಚೀಟಿ ಅಂಟಿದ ಮೇಲೆ ಮಾಡಿಸಬೇಕು. ಆ ಚೀಟಿ, ಸೀಲುಗಳೂ ಅನುವಾದದಲ್ಲಿ ಬರಬೇಕಲ್ಲ! ನಾನು ಆತುರಕ್ಕೆ ಬಿದ್ದು ಮೊದಲೇ ಮಾಡಿಸಿ ಎರಡು ಸಲ ದುಡ್ಡು ತೆತ್ತೆ.

ಉಳಿದದ್ದು ಅಡ್ಡಹೆಸರು. ನಮ್ಮ ಮನೆಗೆ ಅದಿಲ್ಲ. ಇರುವುದು ಇನಿಷಿಯಲ್ಲು, 'ಎಚ್' ಅಂದರೆ ಹೊಳೆಹೊನ್ನೂರು. ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆಸಿದ್ದೆ. ಎಲ್ಲ ಅನುವಾದಗಳಲ್ಲೂ ಊರೇ ನನ್ನ ಕುಲನಾಮವಾಯಿತು.

ಟೊರಿನೊ ತಲುಪಿ, ವಾಸದ ಪರವಾನಗಿಗೆ ಪೊಲೀಸ್ ಕಚೇರಿಯ ಬೆಂಚಿನ ಮೇಲೆ ಕಾಯುತ್ತಿದ್ದಾಗ ಕಿಟಕಿಯಿಂದ ಒಬ್ಬಾಕೆ ಕೂಗಿದಳು: "ಸಿನ್ಯೋರಾ ಓಲೆಒನ್ನೂರ್!" ಇಟಾಲಿಯನ್ನರ ಬಾಯಲ್ಲಿ 'ಹ' ಹೊರಡುವುದಿಲ್ಲ. ನಮ್ಮಜ್ಜಿಗೂ ಹೊರಡುತ್ತಿರಲಿಲ್ಲ, ಸಾಯುವತನಕ ತನ್ನೂರನ್ನು ಆಕೆ ಕರೆದದ್ದು ಒಳೆಒನ್ನೂರು ಎಂದೇ. ಫೈಲು ಎದೆಗವಚಿಕೊಂಡು ಎದ್ದೆ.